ಕೊನೆಯ ನಳದ ಲೆಕ್ಕ ಕೇಳಿ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಆರೋಗ್ಯ ಸಹಾಯಕನಾಗಿ ದುಡಿದು ನಿವೃತ್ತನಾದವನು ನಾನು. ವಾಂತಿಭೇದಿಯ ಸುದ್ದಿ ಬಂದರೆ ಮೊದಲು ಹುಡುಕಿಕೊಂಡು ಹೋಗುತ್ತಿದ್ದುದು ಓಣಿಯ ಕಟ್ಟಕಡೆಯ ನಳವನ್ನು. ಗಾಜಿನ ಕೊಳವೆಯಲ್ಲಿ ಆ ನೀರು ಹಿಡಿದು ಆರ್ಥೋಟಾಲಿಡಿನ್ ಹನಿ ಬಿಟ್ಟರೆ, ಕ್ಲೋರಿನ್ ಇದ್ದಲ್ಲಿ ಹಳದಿ ಬಣ್ಣ ಏರುತ್ತದೆ. ಏರದಿದ್ದರೆ, ಒಂದೋ ಟ್ಯಾಂಕಿಗೆ ಹಾಕಿದ್ದೇ ಕಡಿಮೆ, ಇಲ್ಲವೇ ದಾರಿಯಲ್ಲಿ ಸೇರಿದ ಕೊಳೆ ಅದನ್ನು ತಿಂದುಹಾಕಿದೆ.

ನಮ್ಮೂರುಗಳಲ್ಲಿ ನಳಕ್ಕೆ ದಿನವಿಡೀ ನೀರು ಬರುವುದಿಲ್ಲ. ವಾಲ್ವ್ ಮುಚ್ಚಿದಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಗಟಾರದೊಳಗೆ ಹಾದುಹೋದ ಪೈಪು ಎಲ್ಲೋ ಸಣ್ಣಗೆ ಬಿರಿದಿದ್ದರೂ ಸಾಕು, ಹೊಲಸು ಒಳಸೇರುತ್ತದೆ; ಮತ್ತೆ ನೀರು ಬಿಟ್ಟಾಗ ಮೊದಲ ಕೊಡದಲ್ಲೇ ಅಡುಗೆಮನೆಗೆ ಬರುತ್ತದೆ. ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಲ್ಲ. ಭಾರತೀಯ ಮಾನಕ 10500ರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ-ಕೋಲಿ ಬ್ಯಾಕ್ಟೀರಿಯಾ ಇರಕೂಡದು. ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು.

2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದವರು ಪ್ರಾಣ ಕಳೆದುಕೊಂಡರು. ತನಿಖೆ, ಅಮಾನತು, ಪರಿಹಾರ ಎಲ್ಲವೂ ಹೆಣ ಬಿದ್ದ ಮೇಲೆ ಬಂದವು. ಲೆಕ್ಕ ಕೇಳಬೇಕಾದದ್ದು ಅದಕ್ಕೂ ಮೊದಲೇ.

ಯಾರನ್ನು ಕೇಳಬೇಕು? ದಾಂಡೇಲಿಯಲ್ಲಿ ನಗರಸಭೆಯ ಪೌರಾಯುಕ್ತರನ್ನು; ಹಳಿಯಾಳ ಪುರಸಭೆ, ಮುಂಡಗೋಡ ಪಟ್ಟಣ ಪಂಚಾಯ್ತಿಗಳಲ್ಲಿ ಮುಖ್ಯಾಧಿಕಾರಿಯನ್ನು; ಜೋಯಿಡಾದ ಹಳ್ಳಿಗಳಲ್ಲಿ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ 87ನೇ ಕಲಂ ಜನರ ಆರೋಗ್ಯಕ್ಕೆ ಕುತ್ತು ಬಾರದಂತೆ ನೀರು ಒದಗಿಸುವುದನ್ನು ಕಡ್ಡಾಯ ಕರ್ತವ್ಯವೆಂದಿದೆ. ಹಣವಿಲ್ಲವೆಂದು ಪೌರಸಂಸ್ಥೆ ತನ್ನ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ ಎಂದು ರತ್ಲಾಮ್‌ನ ಗಟಾರಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ.

ನೀರು ವಾಸನೆ ಬಂದರೆ ಎಲ್ಲರ ಬೈಗುಳವೂ ವಾಲ್‌ಮನ್ ಮೇಲೆ. ಪೈಪು ಬದಲಿಸುವ ಅಧಿಕಾರ ಪಾಪ ಅವನಿಗಿಲ್ಲ. ಓಣಿ, ದಿನ, ಹೊತ್ತು ನಮೂದಿಸಿ ದೂರು ಬರೆದುಕೊಡಿ. ಪ್ರತಿಯ ಮೇಲೆ ಸಹಿ, ಸಿಕ್ಕಾ ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಹೋಗಲಿ. ಜತೆಗೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ: ಟ್ಯಾಂಕ್ ತೊಳೆದದ್ದು ಎಂದು? ನಮ್ಮ ಓಣಿಯ ಕೊನೆಯ ನಳದ ನೀರು ಪರೀಕ್ಷೆಗೆ ಹೋದದ್ದು ಯಾವಾಗ, ಫಲಿತಾಂಶವೇನು? ಅರ್ಜಿ 150 ಪದ ಮೀರದಿರಲಿ, ವಿಷಯ ಒಂದೇ ಇರಲಿ. ಉತ್ತರಕ್ಕೆ 30 ದಿನ ಗಡುವು. ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ.

ಅಲ್ಲಿಯವರೆಗೆ ನೀರು ಕುದಿಸಿಯೇ ಕುಡಿಯಿರಿ. ಬಂದ ಉತ್ತರವನ್ನು ಓಣಿಯವರೆಲ್ಲ ಕೂತು ಓದಿ, ಜೋಪಾನವಾಗಿಡಿ. ಮತ ಕೇಳಲು ಬಂದವರ ಮುಂದೆ ಮೊದಲು ಅದನ್ನೇ ಇಡಿ.