ಬಟ್ಟೆ ಚೀಲದಲ್ಲಿರಲಿ, ಗಮನ ರಸ್ತೆಯ ಮೇಲಿರಲಿ



ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ಸಂಘದ ಸಭೆ ಮುಗಿಸಿ ಮೆಟ್ಟಿಲಿಳಿದು ಬರುತ್ತಿದ್ದೆ. ಪರಿಚಯದ ಹುಡುಗನೊಬ್ಬ ತನ್ನ ಬೈಕಿನ ಪಕ್ಕದಲ್ಲಿ ಬಗ್ಗಿ ನಿಂತು ಪ್ಯಾಂಟಿನ ಅಂಚನ್ನು ಕರವಸ್ತ್ರದಿಂದ ಉಜ್ಜುತ್ತಿದ್ದ. ಉಜ್ಜಿದಷ್ಟೂ ಚೈನಿನ ಎಣ್ಣೆಯ ಕಪ್ಪು ಕಲೆ ಹರಡುತ್ತಿತ್ತು. ನನ್ನನ್ನು ಕಂಡವನೇ, “ಕಾಕಾ, ನಾಳೆ ಇಂಟರ್‌ವ್ಯೂ ಅದ. ಇದ ಒಂದ ಚಲೋ ಪ್ಯಾಂಟ್. ಈ ಕಲೆ ಹೆಂಗ ಹೋಗ್ತದ?” ಎಂದ. ಪುಣೆಯಲ್ಲೇ ಹುಟ್ಟಿ ಬೆಳೆದರೂ ಅಜ್ಜಿಯಿಂದ ಕಲಿತ ಧಾರವಾಡದ ಮಾತು ಬಿಡದ ಹುಡುಗ.

ಅವನ ಮುಖ ನೋಡಿದಾಗ ನನಗೆ ನನ್ನದೇ ಹಳೆಯ ದಿನ ನೆನಪಾಯಿತು. ಅಂದು ಅವನಿಗೆ ನಿಂತಲ್ಲೇ ಹೇಳಿದ್ದನ್ನು ಇಲ್ಲಿ ನಿಮಗೆಲ್ಲ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ವಿಷಯ ಚಿಕ್ಕದೆಂದು ಪುಟ ತಿರುವಬೇಡಿ. ದಿನಾಲೂ ಕೊಥ್ರೂಡಿನಿಂದಲೋ ವಾರ್ಜೆಯಿಂದಲೋ ಹಿಂಜವಡಿಗೆ ದ್ವಿಚಕ್ರ ವಾಹನದಲ್ಲಿ ಹೋಗಿಬರುವವರು ನಿಮ್ಮಲ್ಲೇ ಎಷ್ಟೋ ಮಂದಿ ಇದ್ದೀರಿ.

ನನ್ನ ಎರಡು ಪಾಠಗಳು

ನಾನು ಶಿರಸಿಯ ಕಡೆಯವನು. ಪುಣೆಗೆ ಬಂದದ್ದು 1992ರಲ್ಲಿ. ಆ ಜುಲೈ ತಿಂಗಳಲ್ಲಿ ಪಿಂಪ್ರಿಯ ಒಂದು ಕಾರ್ಖಾನೆಯಿಂದ ಸಂದರ್ಶನಕ್ಕೆ ಕರೆ ಬಂತು. ಗೆಳೆಯನ ಮೋಟರ್‌ಸೈಕಲ್ ಕೇಳಿ ಪಡೆದು ಹೊರಟೆ. ಮೇಲೆ ರೇನ್‌ಕೋಟ್ ಇತ್ತು, ಕೆಳಗಿನ ಪ್ಯಾಂಟ್ ಕೊಂಡಿರಲಿಲ್ಲ. “ಇಷ್ಟು ಮಳೆಗೆ ಅದೇಕೆ?” ಎಂಬ ಮಲೆನಾಡಿನವನ ಜಂಬ! ದಾಪೋಡಿ ದಾಟುತ್ತಿದ್ದಂತೆ ಪಕ್ಕದಲ್ಲಿ ಹೋದ ಲಾರಿಯೊಂದು ಗುಂಡಿಯ ನೀರನ್ನೆಲ್ಲ ನನ್ನ ಕಾಲಿನ ಮೇಲೆ ಎರಚಿತು. ಇಳಿದು ನೋಡಿದರೆ ಎಡಗಾಲಿನ ಅಂಚಿಗೆ ಚೈನಿನ ಎಣ್ಣೆಯೂ ಮೆತ್ತಿತ್ತು.

ಸಂದರ್ಶನದುದ್ದಕ್ಕೂ ಫೈಲನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದೆ. ಚೆನ್ನಾಗಿ ಗೊತ್ತಿದ್ದ ಒಂದು ಪ್ರಶ್ನೆಗೆ ಬಾಯಿ ಕಟ್ಟಿಹೋಯಿತು. ಕೆಲಸ ಸಿಗಲಿಲ್ಲ. ಅದಕ್ಕೆ ಪ್ಯಾಂಟೇ ಕಾರಣವೆಂದು ಹೇಳಲಾರೆ. ಎದುರಿಗಿದ್ದವರು ಅದನ್ನು ಗಮನಿಸಿದರೋ ಇಲ್ಲವೋ ತಿಳಿಯದು. ಆದರೆ ಆ ಅರ್ಧ ಗಂಟೆ ನನ್ನ ಗಮನವೆಲ್ಲ ಪ್ರಶ್ನೆಯ ಮೇಲಿರಲಿಲ್ಲ, ಕಲೆಯ ಮೇಲಿತ್ತು.

ಎರಡನೆಯ ಪಾಠ ಇನ್ನೂ ಕಠಿಣವಾದದ್ದು. 1996ರ ಜೂನ್. ಅಷ್ಟರಲ್ಲಿ ಕೆಲಸ ಸಿಕ್ಕಿತ್ತು, ಸ್ವಂತ ಬೈಕೂ ಬಂದಿತ್ತು. ಹೊಸ ಟೆರಿಕಾಟ್ ಪ್ಯಾಂಟ್ ತೊಟ್ಟು ಹೊರಟ ದಿನ ಮೋಡ ಕವಿಯಿತು. ಮಳೆ ಬೀಳುವ ಮುನ್ನ ಕಚೇರಿ ಸೇರಿಬಿಡೋಣವೆಂದು ವೇಗ ಹೆಚ್ಚಿಸಿದೆ. ತಿರುವಿನಲ್ಲಿ ಮೊದಲ ಹನಿಗಳು ಬಿದ್ದವು, ಬೈಕು ಜಾರಿತು. ಬೇಸಿಗೆಯಲ್ಲೆಲ್ಲ ರಸ್ತೆಯ ಮೇಲೆ ಕೂತ ಎಣ್ಣೆ, ಧೂಳು ಮೊದಲ ಮಳೆಗೆ ಮೇಲೆದ್ದು ಸಾಬೂನಿನಂತಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಮಣಿಕಟ್ಟು ಮುರಿಯಿತು. ಟೆರಿಕಾಟಿನಲ್ಲಿರುವ ಪಾಲಿಯೆಸ್ಟರ್ ನೂಲು ಉಜ್ಜಾಟದ ಬಿಸಿಗೆ ಕರಗುತ್ತದೆ. ಮೊಣಕಾಲಿನ ಗಾಯಕ್ಕೆ ಅಂಟಿಕೊಂಡ ಬಟ್ಟೆಯನ್ನು ನರ್ಸ್ ಒಬ್ಬರು ಚಿಮಟದಿಂದ ಎಳೆ ಎಳೆಯಾಗಿ ತೆಗೆದರು. ಪ್ಯಾಂಟ್ ಉಳಿಸಲು ಹೋಗಿ ಪ್ಯಾಂಟೂ ಉಳಿಯಲಿಲ್ಲ, ಕೈಯೂ ಉಳಿಯಲಿಲ್ಲ.

ಈ ಎರಡು ಘಟನೆಗಳಿಂದ ನಾನು ಕಲಿತದ್ದು ಒಂದೇ ಮಾತು: ಕಚೇರಿಯ ಬಟ್ಟೆಯನ್ನು ತೊಟ್ಟು ಬೈಕು ಹತ್ತಬೇಡಿ, ಹೊತ್ತುಕೊಂಡು ಹತ್ತಿ. ಬಟ್ಟೆ ಚೀಲದಲ್ಲಿ ಭದ್ರವಾಗಿದ್ದರೆ ಮಳೆಗೆ ಹೆದರಿ ಓಡುವ ಕಾರಣವೇ ಇರುವುದಿಲ್ಲ.

ಪ್ರಯಾಣಕ್ಕೊಂದು, ಕಚೇರಿಗೊಂದು

ಇದು ಹೊಸ ವಿಚಾರವೇನೂ ಅಲ್ಲ. ಶಾಲೆಯಿಂದ ಬಂದ ಕೂಡಲೇ ನಿಮ್ಮ ತಾಯಿ ಏನು ಹೇಳುತ್ತಿದ್ದರು? “ಮೊದಲು ಯೂನಿಫಾರ್ಮ್ ಬಿಚ್ಚಿಡು, ಆಮೇಲೆ ಆಟ.” ನಮ್ಮ ಕಡೆ ತಾಯಿಯನ್ನು ಆಯಿ ಎನ್ನುತ್ತೇವೆ. ನಮ್ಮ ಆಯಿಯೂ ಅದನ್ನೇ ಹೇಳುತ್ತಿದ್ದರು. ಆಟದ ಬಟ್ಟೆ ಬೇರೆ, ಶಾಲೆಯ ಬಟ್ಟೆ ಬೇರೆ. ಅದೇ ನಿಯಮವನ್ನು ರಸ್ತೆಗೂ ತನ್ನಿ.

ಪ್ರಯಾಣಕ್ಕೆ ದಪ್ಪನೆಯ ಜೀನ್ಸ್, ಉದ್ದ ತೋಳಿನ ಜಾಕೆಟ್, ಪೂರ್ತಿ ಮುಚ್ಚುವ ಬೂಟು, ಕೈಗವಸು, ಹೆಲ್ಮೆಟ್ ಇರಲಿ. ಮೊಣಕೈ, ಭುಜಗಳಲ್ಲಿ ಮೆತ್ತೆ ಇರುವ ಜಾಕೆಟ್ ಕೊಳ್ಳುವ ಶಕ್ತಿ ಇದ್ದರೆ ಇನ್ನೂ ಒಳ್ಳೆಯದು. ಕಚೇರಿಗೆ ಹದಿನೈದು ನಿಮಿಷ ಮುಂಚೆ ತಲುಪಿ. ಮುಖ ತೊಳೆದು, ಬೆವರು ಆರಿಸಿಕೊಂಡು, ನಂತರ ಬಟ್ಟೆ ಬದಲಿಸಿ. ಬೆವರಿನ ಮೈಮೇಲೆ ಇಸ್ತ್ರಿಯ ಅಂಗಿ ಹಾಕಿದರೆ ಚೀಲದಲ್ಲಿ ಹೊತ್ತು ತಂದ ಶ್ರಮ ವ್ಯರ್ಥ.

ಕಚೇರಿಯಲ್ಲಿ ಕಪಾಟು ಇದ್ದವರಿಗೆ ಇನ್ನೂ ಸುಲಭ. ಸೋಮವಾರ ವಾರಕ್ಕಾಗುವ ಅಂಗಿಗಳನ್ನು ಒಮ್ಮೆಲೇ ಒಯ್ದಿಡಿ, ಶುಕ್ರವಾರ ಮರಳಿ ತನ್ನಿ. ಒಂದು ಜೊತೆ ಕರಿ ಷೂ ಮೇಜಿನ ಕೆಳಗೆ ಕಾಯಂ ಇರಲಿ. ಒಂದು ಜೊತೆ ಒಣ ಕಾಲುಚೀಲವೂ ಜೊತೆಗಿರಲಿ. ಮಳೆಗಾಲದಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಚೀಲದೊಳಗಿನ ಶಿಸ್ತು

ಅಂಗಿಯ ಗುಂಡಿಗಳನ್ನೆಲ್ಲ ಹಾಕಿ, ಬೆನ್ನು ಮೇಲಾಗಿ ಹರಡಿ. ಬೆನ್ನಿನ ಮೇಲೆ ಒಂದು ರಟ್ಟನ್ನೋ ಮಡಿಸಿದ ಖಾಲಿ ಕಾಗದವನ್ನೋ ಇಟ್ಟು ಅದರ ಅಳತೆಗೆ ಮಡಚಿ. ಅಂಗಡಿಯಲ್ಲಿ ಹೊಸ ಅಂಗಿ ಕೊಡುವುದೂ ಹಾಗೆಯೇ ಅಲ್ಲವೇ? ಪ್ಯಾಂಟನ್ನು ಇಸ್ತ್ರಿಯ ಗೆರೆ ಕೂಡಿಸಿ ಉದ್ದಕ್ಕೆ ಮಡಿಸಿ, ನಂತರ ಸಡಿಲವಾಗಿ ಸುತ್ತಿ. ಎರಡನ್ನೂ ಒಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಒಳಗೆ ಸ್ವಲ್ಪ ಗಾಳಿ ಉಳಿಯುವಂತೆ ಬಾಯಿ ಕಟ್ಟಿ. ಆ ಗಾಳಿ ದಿಂಬಿನಂತೆ ಕೆಲಸ ಮಾಡುತ್ತದೆ, ಸುಕ್ಕು ಕಡಿಮೆಯಾಗುತ್ತದೆ. ಬೆನ್ನುಚೀಲಕ್ಕೆ ಮೇಲುಹೊದಿಕೆ ಇದ್ದರೂ ಒಳಗಿನ ಈ ಚೀಲ ಬಿಡಬೇಡಿ. ಮಳೆಯ ನೀರು ಜಿಪ್ಪಿನ ಸಂದಿಯಲ್ಲೂ ದಾರಿ ಹುಡುಕುತ್ತದೆ.

ಇನ್ನೊಂದು ಮಾತು. ಊಟದ ಡಬ್ಬಿ ಬಟ್ಟೆಯ ಜೊತೆ ಬೇಡ. ರಸ್ತೆಯ ಕೆಸರಿನಿಂದ ಪಾರಾಗಿ ಬಂದ ಬಿಳಿ ಅಂಗಿ ಮನೆಯ ಹುಳಿಗೆ ಬಲಿಯಾದದ್ದನ್ನು ನಾನು ಕಂಡಿದ್ದೇನೆ. ಅರಿಸಿನದ ಕಲೆಗಿಂತ ಕೆಸರೇ ಎಷ್ಟೋ ವಾಸಿ!

ಹೆಂಚಿನ ಮಾಡಿನ ಪಾಠ

ಊರಿಗೆ ಹೋದಾಗ ನಿಮ್ಮ ಅಜ್ಜನ ಮನೆಯ ಹೆಂಚಿನ ಮಾಡನ್ನು ನೋಡಿದ್ದೀರಾ? ಮೇಲಿನ ಹೆಂಚಿನ ತುದಿ ಯಾವಾಗಲೂ ಕೆಳಗಿನ ಹೆಂಚಿನ ಮೇಲೆಯೇ ಬಂದಿರುತ್ತದೆ. ನೀರು ಒಂದರಿಂದ ಇನ್ನೊಂದರ ಮೇಲೆ ಇಳಿದು ಅಂಗಳಕ್ಕೆ ಬೀಳುತ್ತದೆ, ಒಳಗೆ ಬರುವುದಿಲ್ಲ. ಗದ್ದೆಯಲ್ಲಿ ಕಂಬಳಿಕೊಪ್ಪೆ ಹಾಕಿದವರ ಮೈ ಒದ್ದೆಯಾಗದಿರುವುದಕ್ಕೂ ಇದೇ ಕಾರಣ. ತಲೆಯಿಂದ ಬೆನ್ನಿನ ಕೆಳಗಿನವರೆಗೆ ನೀರಿಗೆ ಒಂದೇ ಇಳಿಜಾರು.

ರೇನ್‌ಕೋಟನ್ನೂ ಹಾಗೆಯೇ ಹಾಕಿಕೊಳ್ಳಿ. ಕೋಟು ಪ್ಯಾಂಟಿನ ಹೊರಗೆ, ಪ್ಯಾಂಟು ಬೂಟಿನ ಹೊರಗೆ, ಕೈಗವಸಿನ ಬಾಯಿ ತೋಳಿನ ಒಳಗೆ. ಮಳೆಪ್ಯಾಂಟಿನ ತುದಿಯನ್ನು ಬೂಟಿನೊಳಗೆ ತುರುಕಿದರೆ ಬೂಟು ಕೊಡವಾಗುತ್ತದೆ. ಕೊಳ್ಳುವಾಗ ಮುಖ್ಯವಾಗಿ ಕಾಲುಗಳ ಸಂದಿಯ ಹೊಲಿಗೆಯನ್ನು ತಿರುಗಿಸಿ ನೋಡಿ. ಸೀಟಿನ ಮೇಲೆ ಕೂತಾಗ ನೀರು ನಿಲ್ಲುವುದು ಅಲ್ಲೇ, ಸೋರುವುದೂ ಅಲ್ಲೇ. ಒಳಗಿನಿಂದ ಟೇಪು ಅಂಟಿಸಿದ ಹೊಲಿಗೆ ಇರಬೇಕು. ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ, ಬೆಳಕಿಗೆ ಹೊಳೆಯುವ ಪಟ್ಟಿ ಇರಲಿ. ಮಳೆಯಲ್ಲಿ ಕಪ್ಪು ಕೋಟಿನವನು ಹಿಂದಿನ ಲಾರಿಯವನಿಗೆ ಕಾಣುವುದಿಲ್ಲ. ಮಳೆಪ್ಯಾಂಟು ಬಿಸಿ ಸೈಲೆನ್ಸರಿಗೆ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ, ಜೋಕೆ.

ಕೋಟು ಹಾಕಿಕೊಳ್ಳುವುದು ಮಳೆ ಬರುವ ಮುನ್ನವೇ ಆಗಬೇಕು, ಬಂದ ಮೇಲಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಹೆದ್ದಾರಿಯ ಸೇತುವೆಯ ಕೆಳಗೆ ಗುಂಪುಗೂಡಿ ನಿಂತು ಕೋಟು ತೊಡುವುದು ಅಪಾಯದ ಕೆಲಸ. ಹಿಂದಿನಿಂದ ಬರುವ ವಾಹನಕ್ಕೆ ನೀವು ಕಾಣದೆ ಹೋಗಬಹುದು.

ಕೊಳೆ ಎಲ್ಲಿಂದ ಬರುತ್ತದೆ?

ಬಟ್ಟೆಯ ಚಿಂತೆಯಿಂದಲೇ ಒಂದು ವಾಹನದ ರೂಪ ಬದಲಾದ ಕಥೆ ನಿಮಗೆ ಗೊತ್ತೇ? ಇಟಲಿಯ ಪಿಯಾಜ್ಜಿಯೋ ಕಂಪನಿ 1946ರಲ್ಲಿ ವೆಸ್ಪಾ ಸ್ಕೂಟರನ್ನು ಹೊರತಂದಿತು. ಅದನ್ನು ರೂಪಿಸಿದ ಕೊರಾದಿನೋ ದಾಸ್ಕಾನಿಯೋ ವಿಮಾನ ತಂತ್ರಜ್ಞ. ಮೋಟರ್‌ಸೈಕಲ್ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಎಂಜಿನನ್ನು ತಗಡಿನ ಒಳಗೆ ಮುಚ್ಚಿದ, ಚೈನನ್ನು ಬಿಟ್ಟೇಬಿಟ್ಟ, ಕಾಲಿನ ಮುಂದೆ ಅಗಲವಾದ ತಗಡು ನಿಲ್ಲಿಸಿದ. ಎಣ್ಣೆ, ಕೆಸರು ಬಟ್ಟೆಗೆ ತಾಗದೆ ಹೋಗಬಹುದಾದ ವಾಹನ ಅದು. ನಮ್ಮ ಪುಣೆಯ ಬಜಾಜ್ ಕಂಪನಿ 1972ರಲ್ಲಿ ತಂದ ಚೇತಕ್ ಕೂಡ ವೆಸ್ಪಾದ ವಿನ್ಯಾಸದಿಂದ ಬಂದದ್ದೇ. ನಿಮ್ಮ ಅಪ್ಪ ಇಸ್ತ್ರಿಯ ಪ್ಯಾಂಟಿನಲ್ಲೇ ಅದರ ಮೇಲೆ ಬ್ಯಾಂಕಿಗೆ ಹೋಗಿ ಬರುತ್ತಿದ್ದರೆ, ಅದಕ್ಕೆ ಆ ತಗಡೂ ಒಂದು ಕಾರಣ.

ಮೋಟರ್‌ಸೈಕಲ್ಲಿಗೆ ಈ ರಕ್ಷಣೆ ಇಲ್ಲ. ಆದ್ದರಿಂದ ಕೊಳೆಯ ಮೂಲಗಳನ್ನು ನೀವೇ ಮುಚ್ಚಬೇಕು. ಚೈನಿಗೆ ಎಣ್ಣೆ ಹಾಕುವುದು ಬೆಳಿಗ್ಗೆ ಹೊರಡುವಾಗ ಬೇಡ. ರಾತ್ರಿ ಬಂದ ಮೇಲೆ ಹಾಕಿ, ಹೆಚ್ಚಾದದ್ದನ್ನು ಹಳೆಯ ಬಟ್ಟೆಯಿಂದ ಒರೆಸಿ. ಎಂಜಿನ್ ನಿಂತಿರಬೇಕು, ಬೆರಳು ಜೋಪಾನ. ಚೈನಿನ ಮುಚ್ಚಳ ಬಿದ್ದುಹೋಗಿದ್ದರೆ ಹೊಸದು ಹಾಕಿಸಿ. ಮುಂದಿನ ಮಡ್‌ಗಾರ್ಡಿನ ಕೆಳಗೆ ರಬ್ಬರಿನ ಪಟ್ಟಿ ಜೋಡಿಸಿದರೆ ಕಾಲಿಗೆ ಹಾರುವ ಕೆಸರು ಕಡಿಮೆಯಾಗುತ್ತದೆ. ಎಡಗಾಲಿನ ಷೂ ಮೇಲೆ ಮಾತ್ರ ಕಪ್ಪು ಗೆರೆ ಮೂಡುತ್ತಿದೆಯೇ? ಅದು ಗೇರ್ ಲಿವರ್ ಮೇಲಕ್ಕೆತ್ತುವಾಗ ಆಗುವ ಗುರುತು. ಹಿಮ್ಮಡಿಯಿಂದಲೂ ಒತ್ತಬಹುದಾದ ಗೇರ್ ಇದ್ದರೆ ಅದನ್ನು ಬಳಸಿ. ಇಲ್ಲವೇ ಬೈಕಿಗೆ ಬೇರೆ ಬೂಟು ಇಟ್ಟುಕೊಳ್ಳಿ.

ಸೀರೆ ಮತ್ತು ದುಪಟ್ಟಾ

ಸಹೋದರಿಯರಿಗೆ ಒಂದು ಮಾತು. ಅವರನ್ನು ಹಿಂದೆ ಕೂರಿಸಿಕೊಂಡು ಹೋಗುವ ಸಹೋದರರಿಗೂ. ಬಟ್ಟೆ ಕೊಳೆಯಾದರೆ ತೊಳೆಯಬಹುದು, ಚಕ್ರಕ್ಕೆ ಸಿಕ್ಕಿದರೆ ಜೀವಕ್ಕೇ ಕುತ್ತು. ದುಪಟ್ಟಾದ ಒಂದು ತುದಿ ಕುತ್ತಿಗೆಯಲ್ಲಿದ್ದು ಇನ್ನೊಂದು ಚಕ್ರದಲ್ಲಿ ಸುತ್ತಿಕೊಳ್ಳಲು ಕ್ಷಣ ಸಾಕು. ಅದಕ್ಕೆಂದೇ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೆಯ ನಿಯಮ ಹೇಳುತ್ತದೆ: ಮೋಟರ್‌ಸೈಕಲ್ಲಿನಲ್ಲಿ ಹಿಂಬದಿ ಸವಾರರಿಗೆ ಹಿಡಿಕೆ ಮತ್ತು ಕಾಲೂರಲು ಜಾಗ ಇರಬೇಕು, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಾಗದಷ್ಟು ಭಾಗ ಮುಚ್ಚಿರಬೇಕು. ನಾವು ಸೀರೆ ಗಾರ್ಡ್ ಎನ್ನುವುದು ಇದನ್ನೇ. “ಚಂದ ಕಾಣುವುದಿಲ್ಲ” ಎಂದು ಅದನ್ನು ಬಿಚ್ಚಿಸುವ ಹುಡುಗರಿದ್ದಾರೆ. ನೀವು ಹಾಗೆ ಮಾಡಬೇಡಿ. ದುಪಟ್ಟಾ ಚೀಲದೊಳಗಿರಲಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಜಾಕೆಟ್ ಹಾಕಿ.

ಇಷ್ಟಾಗಿಯೂ ಕಲೆ ಬಿದ್ದರೆ

ಎಣ್ಣೆಯ ಕಲೆಗೆ ಮೊದಲೇ ನೀರು ಹಾಕಬೇಡಿ, ಉಜ್ಜಲೂ ಬೇಡಿ. ಕಾಗದ ಒತ್ತಿ ಎಣ್ಣೆ ಹೀರಿಸಿ. ಟಾಲ್ಕಂ ಪೌಡರ್ ಉದುರಿಸಿ ಅರ್ಧ ಗಂಟೆ ಬಿಟ್ಟು ಕೊಡವಿ. ನಂತರ ಪಾತ್ರೆ ತೊಳೆಯುವ ದ್ರವ ಸ್ವಲ್ಪ ಹಚ್ಚಿ ಮೆಲ್ಲಗೆ ತಿಕ್ಕಿ ತೊಳೆಯಿರಿ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಬೇಡ. ಬಿಸಿ ತಾಗಿದರೆ ಕಲೆ ಗಟ್ಟಿಯಾಗಿ ಕೂತುಬಿಡುತ್ತದೆ. ಕೆಸರಿಗೆ ಇದರ ತಿರುಗುಮುರುಗು: ಪೂರ್ತಿ ಒಣಗಲು ಬಿಡಿ, ಆಮೇಲೆ ಬ್ರಷ್‌ನಿಂದ ಉದುರಿಸಿ ತೊಳೆಯಿರಿ.

ಆ ಭಾನುವಾರ ಹುಡುಗನಿಗೆ ಇಷ್ಟನ್ನೇ ಹೇಳಿ ಕಳಿಸಿದೆ. “ತೊಳೆದು ಇಸ್ತ್ರಿ ಮಾಡಿ ಚೀಲದಲ್ಲಿಡು. ನಾಳೆ ಹಳೆಯ ಜೀನ್ಸಿನಲ್ಲಿ ಹೋಗು, ಒಂದು ಗಂಟೆ ಮೊದಲು ಹೊರಡು” ಎಂದೆ. ಮರುದಿನ ಸಂಜೆ ಫೋನ್ ಬಂತು. “ಕಾಕಾ, ದಾರಿಯೊಳಗ ಭಾಳ ಮಳಿ ಬಂತು. ಸಾವಕಾಶ ಹೋದೆ. ಒಳಗ ಕೂತಾಗ ಪ್ಯಾಂಟಿನ ನೆನಪ ಬರಲಿಲ್ಲ.” ಎರಡನೆಯ ಸುತ್ತಿಗೂ ಕರೆದಿದ್ದಾರಂತೆ. ಅದು ಅವನ ವಿದ್ಯೆಯ ಫಲ. ನನಗೆ ಸಂತೋಷ ಕೊಟ್ಟದ್ದು “ಸಾವಕಾಶ ಹೋದೆ” ಎಂಬ ಮಾತು.

ನಾಳೆ ಬೆಳಿಗ್ಗೆ ನೀವು ಹೊರಡುವಾಗಲೂ ಹಾಗೆಯೇ ಆಗಲಿ. ಮನೆಯಲ್ಲಿ ಕಾಯುವವರಿಗೆ ಇಸ್ತ್ರಿಯ ಅಂಗಿ ಬೇಕಿಲ್ಲ, ನೀವು ಬೇಕು.