ಮಡಚುವ ಬೆರಳು, ಬಾಗುವ ಪಾದ

ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ನಮ್ಮ ವ್ಯಾಪಾರಿ ಕುಟುಂಬಗಳು ಎಂದೂ ಹಿಂದೆ ಬಿದ್ದವರಲ್ಲ. ಕೃತಕ ಕಾಲು ಜೋಡಿಸುವ ಶಿಬಿರಗಳಿಗೆ ನೆರವು ನೀಡುವುದೂ ಇದೇ ಭಾವನೆಯಿಂದ. ಈಗ ಮನೆಯ ಕಿರಿಯರು ಹೊಸದೊಂದು ಮಾತು ತೆಗೆಯುತ್ತಿದ್ದಾರೆ: ತ್ರೀಡಿ ಪ್ರಿಂಟರಿನಲ್ಲಿ ಕೈಯನ್ನೇ ಅಗ್ಗವಾಗಿ ಮಾಡಬಹುದಂತೆ, ನಾವೂ ಕೊಡಿಸಬಾರದೇಕೆ?

1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಅನಂತರ ಆಂಧ್ರಕ್ಕೆ ಸೇರಿದ ಆದವಾನಿಗೆ ಈ ಪ್ರಶ್ನೆ ದೂರದ್ದಲ್ಲ. ಹತ್ತಿಯ ಪೇಟೆ, ಜಿನ್ನಿಂಗ್ ಮಿಲ್ಲುಗಳ ಊರು ಅದು. ಸುತ್ತಲ ಹಳ್ಳಿಗಳಲ್ಲಿ ಒಕ್ಕುವ ಯಂತ್ರಗಳು, ಯಮ್ಮಿಗನೂರಿನ ಕಡೆ ಮಗ್ಗಗಳು. ತಿರುಗುವ ರೋಲರಿನ ಮುಂದೆ, ಓಡುವ ಬೆಲ್ಟಿನ ಪಕ್ಕದಲ್ಲಿ ಕೂಲಿಕಾರನ ಕೈ ಇರುತ್ತದೆ. ಆ ಕೈ ಹೋದರೆ ಮನೆಯ ಒಲೆಯೇ ಆರುತ್ತದೆ. ಹಣ ಕೊಡುವ ಮುನ್ನ ಈ ಹೊಸ ಕೈ ಹೇಗೆ ಮಡಚುತ್ತದೆ, ಎಲ್ಲಿ ಮುರಿಯುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ಮೊದಲು ನಮಗೆ ಪರಿಚಯವಿರುವ ಜೈಪುರ ಕಾಲನ್ನೇ ನೋಡೋಣ. 1960ರ ದಶಕದ ಕೊನೆಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಡಾ. ಪಿ.ಕೆ. ಸೇಠಿ ಅದನ್ನು ರೂಪಿಸಿದರು. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಬಡವರ ಮನೆಗೆ ಉಚಿತವಾಗಿ ಮುಟ್ಟಿಸಿತು. ಆ ಪಾದದ ಹರಡಿನಲ್ಲಿ ಕೀಲಿಲ್ಲ. ರಬ್ಬರೇ ಬಾಗಿ ಕೀಲಿನ ಕೆಲಸ ಮಾಡುತ್ತದೆ. ಅದನ್ನು ಹಾಕಿಕೊಂಡವನು ಕುಕ್ಕರುಗಾಲಲ್ಲಿ ಕೂರಬಲ್ಲ, ಬರಿಗಾಲಲ್ಲಿ ಹೊಲದ ಕೆಸರು ತುಳಿಯಬಲ್ಲ.

ವಸ್ತುವೇ ಬಾಗಿ ಚಲನೆ ಕೊಡುವ ಈ ತತ್ವ ಶಾಂಪೂ ಬಾಟಲಿಯ ಮುಚ್ಚಳದಲ್ಲೂ ಇದೆ. ಮುಚ್ಚಳವನ್ನೂ ಬುಡವನ್ನೂ ಹಿಡಿದಿರುವ ಆ ತೆಳುವಾದ ಪಟ್ಟಿಯನ್ನು ಗಮನಿಸಿ. ಎಷ್ಟು ಸಲ ತೆರೆದರೂ ಹರಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ.ಕೆ. ಅನಂತಸುರೇಶ್ ಅವರು ಇಂಥ ಬಾಗುವ ಯಂತ್ರಾಂಗಗಳ ಕುರಿತೇ ವರ್ಷಗಟ್ಟಲೆ ಸಂಶೋಧನೆ ನಡೆಸಿದ್ದಾರೆ. 2010ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂದಿತು.

ಇನ್ನು ಪ್ರಿಂಟರ್. ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸುವುದು ಸುಲಭ: ಇದೊಂದು ಚಕ್ಕುಲಿ ಒರಳು. ಪ್ಲಾಸ್ಟಿಕ್ಕಿನ ಎಳೆ ಬಿಸಿಯಾದ ಮೂತಿಯಿಂದ ಕರಗಿ ಹೊರಬರುತ್ತದೆ. ಕಂಪ್ಯೂಟರ್ ಹೇಳಿದಂತೆ ಮೂತಿ ಓಡಾಡಿ, ಸುಮಾರು 0.2 ಮಿಲಿಮೀಟರ್ ದಪ್ಪದ ಪದರದ ಮೇಲೆ ಪದರ ಹಾಕುತ್ತದೆ. ಈ ವಿಧಾನದ ಮೂಲ ಪೇಟೆಂಟ್ 2009ರಲ್ಲಿ ಮುಗಿಯಿತು. ಅಲ್ಲಿಂದಾಚೆಗೆ ಬೆಲೆ ಇಳಿಯಿತು. ಪೇಟೆ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಇದರ ವಿಶೇಷವೆಂದರೆ, ಕೀಲನ್ನು ಬೇರೆ ಬೇರೆ ಮಾಡಿ ಜೋಡಿಸಬೇಕಾಗಿಲ್ಲ. ಕೀಲಿನ ಎರಡು ಭಾಗಗಳ ನಡುವೆ 0.3ರಿಂದ 0.5 ಮಿಲಿಮೀಟರ್ ಸಂದು ಬಿಟ್ಟು ಮುದ್ರಿಸಿದರೆ, ಯಂತ್ರದಿಂದ ಇಳಿಸಿದಾಗಲೇ ಅದು ಮಡಚುತ್ತದೆ. ಸಂದು ಕಡಿಮೆಯಾದರೆ ಎರಡೂ ಅಂಟಿಕೊಳ್ಳುತ್ತವೆ, ಹೆಚ್ಚಾದರೆ ಲಡಬಡ.

ಕೈಯ ಕಥೆ 2011ರದ್ದು. ದಕ್ಷಿಣ ಆಫ್ರಿಕದ ಬಡಗಿ ರಿಚರ್ಡ್ ವ್ಯಾನ್ ಆಸ್ ಗರಗಸಕ್ಕೆ ಸಿಕ್ಕು ಬೆರಳು ಕಳೆದುಕೊಂಡರು. ಅಮೆರಿಕದ ಇವಾನ್ ಓವೆನ್ ಮಾಡಿದ್ದ ಯಾಂತ್ರಿಕ ಕೈಯ ಚಿತ್ರ ನೋಡಿ ಅವರಿಗೆ ಬರೆದರು. ಇಬ್ಬರೂ ಸೇರಿ ರೂಪಿಸಿದ ಮಾದರಿಯನ್ನು 2013ರಲ್ಲಿ ಯಾರು ಬೇಕಾದರೂ ಮಾಡಿಕೊಳ್ಳಲೆಂದು ಉಚಿತವಾಗಿ ಬಿಟ್ಟುಕೊಟ್ಟರು. ಅದೇ ವರ್ಷ ಹುಟ್ಟಿದ ‘ಇ-ನೇಬಲ್’ ಎಂಬ ಸ್ವಯಂಸೇವಕರ ಬಳಗ ಈ ಬಗೆಯ ಕೈಗಳನ್ನು ಹಲವು ದೇಶಗಳಲ್ಲಿ ಕೊಡುತ್ತ ಬಂದಿದೆ. ಓವೆನ್ ಅವರಿಗೆ ದಾರಿ ತೋರಿಸಿದ್ದು ಹತ್ತೊಂಬತ್ತನೆಯ ಶತಮಾನದ ಆಸ್ಟ್ರೇಲಿಯದ ಒಂದು ಕೈ; ಅದನ್ನು ಮಾಡಿದ್ದು ತಿಮಿಂಗಿಲದ ಮೂಳೆಯಿಂದ. ಇಂದಿನ ಕೈಗೆ ಬಹಳವಾಗಿ ಬಳಸುವ ಪಿ.ಎಲ್.ಎ. ಪ್ಲಾಸ್ಟಿಕ್ ಮೆಕ್ಕೆಜೋಳದ ಪಿಷ್ಟ, ಕಬ್ಬುಗಳಿಂದ ತಯಾರಾಗುತ್ತದೆ. ನಮ್ಮವರಿಗೆ ಇದೊಂದು ಸಮಾಧಾನ.

ಮಣಿಕಟ್ಟನ್ನು ಬಾಗಿಸಿದರೆ ದಾರಗಳು ಎಳೆದು ಬೆರಳುಗಳು ಮುಚ್ಚುತ್ತವೆ. ನೆಟ್ಟಗೆ ಮಾಡಿದರೆ ಎಲಾಸ್ಟಿಕ್ ಅವನ್ನು ಬಿಚ್ಚುತ್ತದೆ. ಬ್ಯಾಟರಿ ಬೇಡ. (ಆ ದಾರ ಅನೇಕ ಕಡೆ ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರವೇ! ಇಲ್ಲಿ ಅದಕ್ಕೆ ಒಳ್ಳೆಯ ಕೆಲಸ ಸಿಕ್ಕಿದೆ.) ಇನ್ನೊಂದು ಬಗೆಯಲ್ಲಿ ಗೆಣ್ಣಿನ ಜಾಗಕ್ಕೆ ರಬ್ಬರಿನಂತೆ ಬಾಗುವ ಟಿ.ಪಿ.ಯು. ತುಂಡು ಹಾಕುತ್ತಾರೆ. ಅದು ತಾನೇ ಹಿಂದಕ್ಕೆ ನೆಟ್ಟಗಾಗುವುದರಿಂದ ಎಲಾಸ್ಟಿಕ್ ಬೇಕಿಲ್ಲ.

ಇನ್ನು ಅದರ ದೌರ್ಬಲ್ಯಗಳು. ಬಿದಿರಿನ ಸೀಳು ಎಳೆಯ ಉದ್ದಕ್ಕೆ ಬಾಗುತ್ತದೆ, ಎಳೆ ಎಳೆಯಿಂದ ಬಲು ಬೇಗ ಬಿಟ್ಟುಕೊಳ್ಳುತ್ತದೆ. ಮುದ್ರಿಸಿದ ತುಂಡೂ ಹಾಗೆಯೇ. ಬಾಗುವ ಪಟ್ಟಿಯನ್ನು ಮಲಗಿಸಿ ಮುದ್ರಿಸಬೇಕು. ನಿಲ್ಲಿಸಿ ಮುದ್ರಿಸಿದರೆ ಪದರಗಳ ನಡುವೆ ಬಿಟ್ಟುಕೊಂಡು ಮುರಿಯುತ್ತದೆ. ಎರಡನೆಯದು ಬಿಸಿಲು. ಪಿ.ಎಲ್.ಎ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕರ್ನೂಲು ಸೀಮೆಯಲ್ಲಿ, ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಕಾರಿನಲ್ಲೋ ತಗಡಿನ ಸೂರಿಗೆ ತಾಗುವಂತೆಯೋ ಅದನ್ನು ಇಟ್ಟರೆ ಸೊಟ್ಟಗಾಗುವುದು ಖಂಡಿತ. ಆ ಸೀಮೆಗೆ ಕೀಲುಗಳನ್ನಾದರೂ ಹೆಚ್ಚು ಬಿಸಿ ತಡೆಯುವ ನೈಲಾನಿನಲ್ಲಿ ಮಾಡಿಸಬೇಕು. ಮೂರನೆಯದು, ಮಣಿಕಟ್ಟು ಉಳಿದವನಿಗೆ ಮಾತ್ರ ಈ ಮಾದರಿ. ಅದೂ ಇಲ್ಲದವನಿಗೆ ಮೊಣಕೈಯಿಂದ ಎಳೆಯುವ ಬೇರೆ ಬಗೆ ಬೇಕು. ಲೋಟ ಹಿಡಿಯಬಹುದು, ಸೈಕಲ್ಲಿನ ಹ್ಯಾಂಡಲ್ ಹಿಡಿಯಬಹುದು. ಹತ್ತಿಯ ಅಂಡಿಗೆ ಎತ್ತಲಾಗದು. ಇದನ್ನು ಪಡೆಯುವವನಿಗೆ ಮೊದಲೇ ಹೇಳದಿದ್ದರೆ ಅದು ಮೋಸವಾದೀತು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಒಂದು ದಿನದ ಶಿಬಿರ ಮಾಡಿ, ಐವತ್ತು ಕೈ ಹಂಚಿ, ಫೋಟೋ ತೆಗೆಸಿಕೊಂಡು ಬರುವುದಕ್ಕೆ ಈ ವಸ್ತು ಒಗ್ಗುವುದಿಲ್ಲ. ಚಲಿಸುವುದು ಸವೆಯುತ್ತದೆ, ಬಾಗುವುದು ಬಳಲುತ್ತದೆ. ಬೆಳೆಯುವ ಮಗುವಿಗಂತೂ ಕೈಯ ಅಳತೆಯೇ ಬದಲಾಗುತ್ತ ಹೋಗುತ್ತದೆ. ದಾರ ಹರಿದಾಗ ಕೌತಾಳಂ, ಕೋಸಿಗಿಯ ಕೂಲಿಕಾರ ಬೆಂಗಳೂರಿಗೋ ಹೈದರಾಬಾದಿಗೋ ಹೋಗಲಾರ. ಕೈ ಗೂಟಕ್ಕೆ ನೇತುಬೀಳುತ್ತದೆ. ಅದೇ ಹಣದಲ್ಲಿ ಹತ್ತು ಕೈ ಕಡಿಮೆ ಮಾಡಿ, ಆದವಾನಿಯಲ್ಲೇ ಒಂದು ಪ್ರಿಂಟರ್ ಇಟ್ಟು, ಊರಿನ ಒಬ್ಬ ಹುಡುಗನಿಗೆ ಅಳತೆ ತೆಗೆಯುವುದು, ಕೀಲು ಬದಲಿಸುವುದು ಕಲಿಸಿ, ವರ್ಷವಿಡೀ ಸಂಬಳ ಕೊಡುವುದು ಮೇಲು. ಅಳತೆ ಕಂಪ್ಯೂಟರಿನಲ್ಲಿ ಉಳಿದಿರುವುದರಿಂದ ಮುರಿದ ಒಂದು ಬೆರಳನ್ನಷ್ಟೇ ಕೆಲವು ಗಂಟೆಗಳಲ್ಲಿ ಮತ್ತೆ ಮುದ್ರಿಸಬಹುದು. ಎಲಾಸ್ಟಿಕ್ ದರ್ಜಿಗೆ ಸಾಮಾನು ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತದೆ. ತೋಳಿಗೆ ಬಿಗಿಯುವ ಪಟ್ಟಿಯನ್ನು ಚರ್ಮದ್ದು ಬೇಡ, ಬಟ್ಟೆಯದ್ದೇ ಇರಲಿ ಎಂದು ಮೊದಲೇ ಹೇಳಿ ಹೊಲಿಸಿದರಾಯಿತು.