ಚಳಿಗಾಲದಲ್ಲಿ ಎಲೆ ಒಣಗಿಸುವುದು ಹೇಗೆ?

ಹಿತ್ತಿಲಲ್ಲಿ ತುಳಸಿ, ಪುದೀನ ಹುಲುಸಾಗಿ ಬೆಳೆದಿವೆ. ಕಷಾಯಕ್ಕೆಂದು ಕೊಯ್ದು ಒಣಗಿಸಿಡಬೇಕು. ಆದರೆ ಡಿಸೆಂಬರ್‌ನ ಚಳಿ, ಬೆಳಗಿನ ಮಂಜು. ಕೋಣೆಯಲ್ಲಿ ಹರಡಿ ಕಿಟಕಿ ಮುಚ್ಚಿದರೆ ನಾಲ್ಕೇ ದಿನಗಳಲ್ಲಿ ಎಲೆ ಕಪ್ಪಾಗಿ ಮುಗ್ಗಲು ವಾಸನೆ ಬರುತ್ತದೆ. ತಪ್ಪಿದ್ದೆಲ್ಲಿ?

ಹಸಿ ಎಲೆಯ ತೂಕದಲ್ಲಿ ಸುಮಾರು 80 ಭಾಗ ನೀರೇ. ಒಂದು ಕಿಲೋಗ್ರಾಂ ಎಲೆಯನ್ನು ಶೇಕಡಾ 10ರಷ್ಟು ತೇವ ಉಳಿಯುವಂತೆ ಒಣಗಿಸಿದರೆ ಉಳಿಯುವುದು ಸುಮಾರು 220 ಗ್ರಾಂ ಮಾತ್ರ. ಉಳಿದ 780 ಗ್ರಾಂ ನೀರು ಆವಿಯಾಗಿ ಗಾಳಿಯನ್ನು ಸೇರಬೇಕು.

ಗಾಳಿ ಎಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ಅದರ ಉಷ್ಣತೆಯನ್ನು ಅವಲಂಬಿಸಿದೆ. ಒಂದು ಘನಮೀಟರ್ ಗಾಳಿ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 9 ಗ್ರಾಂ, 20 ಡಿಗ್ರಿಯಲ್ಲಿ 17 ಗ್ರಾಂ, 30 ಡಿಗ್ರಿಯಲ್ಲಿ 30 ಗ್ರಾಂ ಆವಿಯನ್ನು ಹಿಡಿಯಬಲ್ಲದು. ಈಗ ಮೂರು ಮೀಟರ್ ಉದ್ದ, ಅಗಲ, ಎತ್ತರದ ಒಂದು ಕೋಣೆಯನ್ನು ಊಹಿಸಿಕೊಳ್ಳಿ. ಅದರಲ್ಲಿರುವುದು 27 ಘನಮೀಟರ್ ಗಾಳಿ. ಉಷ್ಣತೆ 20 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ 50 ಇದ್ದರೆ, ಆ ಗಾಳಿ ಇನ್ನು ಹೀರಬಲ್ಲದ್ದು ಸುಮಾರು 230 ಗ್ರಾಂ ಆವಿಯನ್ನಷ್ಟೆ. ಅಲ್ಲಿಗೆ ಗಾಳಿ ಸಂತೃಪ್ತವಾಗಿ ಒಣಗುವಿಕೆ ನಿಂತುಬಿಡುತ್ತದೆ. ಚಳಿಯೆಂದು ಕಿಟಕಿ ಮುಚ್ಚಿದ್ದೇ ತಪ್ಪು!

ಹೊರಗಿನ ಚಳಿಗಾಳಿ ತೇವದಿಂದ ಕೂಡಿದ್ದರೂ ನಿರುಪಯುಕ್ತವಲ್ಲ. 15 ಡಿಗ್ರಿಯ ಸಂತೃಪ್ತ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 40ಕ್ಕೆ ಇಳಿಯುತ್ತದೆ. ಆದ್ದರಿಂದ ಸ್ವಲ್ಪ ಶಾಖ ಮತ್ತು ಗಾಳಿಯ ಸಂಚಾರ ಎರಡೂ ಬೇಕು. ಒಂದೇ ಇದ್ದರೆ ಸಾಲದು.

ಶಾಖ ಹೆಚ್ಚಾದರೂ ತೊಂದರೆಯೇ. ಪರಿಮಳ ನೀಡುವ ತೈಲಗಳು ಸುಲಭವಾಗಿ ಹಾರಿಹೋಗುತ್ತವೆ. 40 ಡಿಗ್ರಿಯೊಳಗೆ, ನೆರಳಿನಲ್ಲಿ ಒಣಗಿಸುವುದು ಲೇಸು. ಎಲೆಗಳನ್ನು ಜಾಲರಿಯ ಮೇಲೆ ಒಂದೇ ಪದರವಾಗಿ ಹರಡಿ, ಫ್ಯಾನ್ ಹಾಕಿ, ಕಿಟಕಿಯನ್ನು ತುಸು ತೆರೆದಿಡಿ. ಬಯಲಲ್ಲಿ ಹರಡಿದ್ದರೆ ಸಂಜೆಯಾಗುವ ಮೊದಲೇ ಒಳತನ್ನಿ. ಒಣಗಿದ ಎಲೆ ರಾತ್ರಿಯ ಇಬ್ಬನಿಯನ್ನು ಮತ್ತೆ ಹೀರಿಕೊಳ್ಳುತ್ತದೆ.

ಮುಗ್ಗನ್ನು ಹಗುರವಾಗಿ ಕಾಣಬಾರದು. 1920ರ ದಶಕದಲ್ಲಿ ಉತ್ತರ ಅಮೆರಿಕದ ರೈತರ ದನಗಳು ಒಳಗೊಳಗೇ ರಕ್ತಸ್ರಾವವಾಗಿ ಸಾಯತೊಡಗಿದವು. ಅವು ತಿಂದದ್ದು ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವನ್ನು. ಆ ಗಿಡದಲ್ಲಿ ಸಹಜವಾಗಿರುವ ಕೂಮರಿನ್, ಶಿಲೀಂಧ್ರಗಳ ಕ್ರಿಯೆಯಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಡೈಕೂಮರಾಲ್ ಆಗಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು 1940ರ ವೇಳೆಗೆ ಇದನ್ನು ಗುರುತಿಸಿದರು. ಮುಂದೆ ಇದೇ ಸಂಶೋಧನೆಯಿಂದ ವಾರ್ಫರಿನ್ ಔಷಧಿ ದೊರೆಯಿತು. ತುಳಸಿಯಲ್ಲಿ ಇದೇ ವಿಷ ಉಂಟಾಗುತ್ತದೆಂದು ಇದರರ್ಥವಲ್ಲ. ಆದರೆ ಕೆಲವು ಶಿಲೀಂಧ್ರಗಳು ಉತ್ಪಾದಿಸುವ ಅಫ್ಲಟಾಕ್ಸಿನ್‌ನಂತಹ ವಿಷಗಳು ಸಾಮಾನ್ಯ ಕುದಿತಕ್ಕೆ ನಾಶವಾಗುವುದಿಲ್ಲ. ಆದ್ದರಿಂದ ಬೂಷ್ಟು ಕಂಡ ಎಲೆಯನ್ನು ಕೊಡವಿ, ಕುದಿಸಿ ಬಳಸುವುದು ಸಲ್ಲದು, ಎಸೆಯುವುದೇ ಸರಿ.

ಒಣಗಿದೆಯೆಂದು ತಿಳಿಯುವುದು ಹೇಗೆ? ಎಲೆ ಮುಟ್ಟಿದರೆ ಪುಡಿಯಾಗಬೇಕು. ಕಡ್ಡಿ ಬಾಗದೆ ಲಟಕ್ಕನೆ ಮುರಿಯಬೇಕು. ಎಲೆ ಒಣಗಿದರೂ ಕಡ್ಡಿಯಲ್ಲಿ ನೀರು ಉಳಿದಿರುತ್ತದೆ. ಆದ್ದರಿಂದ ಸ್ವಲ್ಪ ಎಲೆಯನ್ನು ಗಾಜಿನ ಭರಣಿಯಲ್ಲಿ ಹಾಕಿ, ಬಿಗಿಯಾಗಿ ಮುಚ್ಚಿ, ಒಂದು ದಿನ ಬಿಡಿ. ಒಳಗೋಡೆಯಲ್ಲಿ ತೇವದ ಮಸುಕು ಕಂಡರೆ ಅಥವಾ ಎಲೆ ಮೆತ್ತಗಾದರೆ ಎಲ್ಲವನ್ನೂ ಮತ್ತೆ ಹರಡಿ. ಮನೆಯಲ್ಲಿ ತಕ್ಕಡಿಯಿದ್ದರೆ ಇನ್ನೂ ಒಳ್ಳೆಯದು: ಮೊದಲಿನ ತೂಕ ಬರೆದಿಟ್ಟುಕೊಳ್ಳಿ. ಅದು ನಾಲ್ಕನೇ ಒಂದು ಭಾಗಕ್ಕಿಂತ ಕೆಳಗಿಳಿಯುವವರೆಗೆ ಅವಸರ ಬೇಡ.